ಲೋಬಾನ ಹಿಡಿದ ಬಿಲ್ಲೆ

ಶಿವಲೀಲಾ ಹೊಸಿಲ ಹೊರಗೇ ನಿಂತು, ಎದೆಯ ಮೇಲೆ ಸಿಕ್ಕಿಸಿಕೊಂಡಿದ್ದ ಉಸಿರುಬಿಲ್ಲೆಯನ್ನು ಬಗ್ಗಿ ನೋಡಿದಳು. ಹಸಿರು. ನಿನ್ನೆಯೂ ಹಸಿರು, ಮೊನ್ನೆಯೂ ಹಸಿರು. ಆಮೇಲೆಯೇ ಅವಳು ಚಪ್ಪಲಿ ಬಿಟ್ಟು, ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ಹೋಗಿ, ಮೈ ತೊಳೆದು ಬಟ್ಟೆ ಬದಲಿಸಿ ಒಳಗೆ ಬಂದಳು. ದನಿ ಕೇಳಿದ್ದೇ ತಡ, ಮಗಳು ಕೈಕಾಲು ಬಡಿಯತೊಡಗಿದಳು.

"ತಡೀ, ಈಗ ಎರದೇನಿ. ಹೊಗಿ ಕೊಟ್ಟು ಕೊಡ್ತೇನಿ," ಎಂದಳು ಶಿವಲೀಲಾಳ ತಾಯಿ ರೇಖಾ. ಕೆಂಡದ ಬಟ್ಟಲಿಗೆ ಚಿಟಿಕೆ ಲೋಬಾನ ಉದುರಿಸಿ, ಕೂಸನ್ನು ಹೊಗೆಯ ಮೇಲೆ ಅತ್ತ ಇತ್ತ ಆಡಿಸಿದಳು. ಎರೆದ ಮೇಲೆ ಕೂಸಿನ ತಲೆ ಆರಲಿ, ನೆಗಡಿ ಆಗದಿರಲಿ ಎಂದು ಅವಳ ಅಜ್ಜಿಯ ಕಾಲದಿಂದ ನಡೆದು ಬಂದ ರೂಢಿ ಅದು. "ಆ ಬಿಲ್ಲೀನೂ ಇಲ್ಲೆ ಕೊಡು. ದಿನಾ ನಮ್ಮ ಕೂಸಿನ ಸಲುವಾಗಿ ಕಾವಲ ಕಾಯ್ತೈತಿ. ಅದಕ್ಕೂ ದೃಷ್ಟಿ ಆಗಬಾರದು."

ಶಿವಲೀಲಾ ನಕ್ಕು ಬಿಲ್ಲೆಯನ್ನು ಕೈಗಿಟ್ಟಳು. ಕೆಲಸಕ್ಕೆ ಮರಳಿದ ದಿನದಿಂದ ಹೀಗೇ ನಡೆದಿತ್ತು. ಬಿಲ್ಲೆ ಹಸಿರಾಗಿಯೇ ಇದ್ದುದರಿಂದ ಹೊಗೆಯ ಪುಣ್ಯವೋ ಬಿಲ್ಲೆಯ ಪುಣ್ಯವೋ ಎಂದು ಯಾರೂ ಕೆದಕಿ ನೋಡಲು ಹೋಗಲಿಲ್ಲ.

ಅದು ಎರಡು ಸಾವಿರದ ಐವತ್ತೆರಡನೆಯ ಇಸವಿ. ಗೂರಲು ಜ್ವರ ದೇಶಕ್ಕೆ ಕಾಲಿಟ್ಟು ಎರಡನೆಯ ವರ್ಷ. ದೊಡ್ಡವರಿಗೆ ಅದು ಒಂದು ವಾರ ಎದೆ ಕಟ್ಟಿಸಿ, ಗೊರಗೊರ ಉಸಿರಾಡಿಸಿ ಬಿಟ್ಟು ಹೋಗುತ್ತಿತ್ತು. ವರ್ಷ ತುಂಬದ ಕೂಸುಗಳ ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಉಳಿಸಿಕೊಳ್ಳುವುದು ಕಷ್ಟ. ಲಸಿಕೆ ಬಂದಿತ್ತು, ಆದರೆ ಅಷ್ಟು ಚಿಕ್ಕ ಮಕ್ಕಳಿಗೆ ಅದನ್ನು ಕೊಡುವಂತಿರಲಿಲ್ಲ. ಲಸಿಕೆ ಹಾಕಿಸಿಕೊಂಡ ದೊಡ್ಡವರೂ ತಮಗೇ ಗೊತ್ತಿಲ್ಲದೆ ರೋಗಾಣುವನ್ನು ಮನೆಗೆ ಹೊತ್ತು ತರಬಹುದಿತ್ತು. ಶಿವಲೀಲಾಳ ಮಗಳಿಗೆ ಆಗ ಏಳು ತಿಂಗಳು.

ಉಸಿರುಬಿಲ್ಲೆಯನ್ನು ಕಂಡುಹಿಡಿದವರು ಧಾರವಾಡದ ಡಾಕ್ಟರ್ ಸಂಗಮೇಶ ಹೊಂಬಳ. ನೋಡಲು ಅಂಗಿಯ ದೊಡ್ಡ ಗುಂಡಿಯಷ್ಟೇ. ಒಳಗೆ ಸಾಸಿವೆ ಗಾತ್ರದ ಒಂದು ಪಂಕ, ಅದರ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಜರಡಿ. ಜರಡಿಯ ತುಂಬ ಪ್ರತಿಕಾಯಗಳು, ಅಂದರೆ ಒಂದು ರೋಗಾಣುವನ್ನು ಮಾತ್ರ ಗುರುತಿಸಿ ಅಪ್ಪಿ ಹಿಡಿಯುವ ಪ್ರೋಟೀನುಗಳು. ಸುತ್ತಲ ಗಾಳಿಯಲ್ಲಿ ಗೂರಲು ಜ್ವರದ ರೋಗಾಣು ಇದ್ದರೆ ಜರಡಿ ಅದನ್ನು ಹಿಡಿದು, ಬಿಲ್ಲೆಯ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಒಂದು ಜರಡಿ ಆರು ತಿಂಗಳು ಬಾಳುತ್ತಿತ್ತು. ಈ ಗುಂಡಿಯ ಬಲದಿಂದಲೇ ಮುಚ್ಚಿದ್ದ ಶಾಲೆ, ಕಚೇರಿ, ಕಾರ್ಖಾನೆಗಳು ಮತ್ತೆ ಬಾಗಿಲು ತೆರೆದಿದ್ದವು.

ಬಾಗಿಲು ತೆರೆದವರು ಒಂದು ನಿಯಮವನ್ನೂ ಮಾಡಿದರು. ಬಿಲ್ಲೆ ಹಸಿರಿದ್ದವರು ಒಳಗೆ, ಹಳದಿಯಾದವರು ಮನೆಗೆ. ಮನೆಗೆ ಹೋದವರಿಗೆ ಆ ದಿನಗಳ ಪಗಾರವಿಲ್ಲ.

ಶಿವಲೀಲಾ ಬ್ಯಾಡಗಿಯ ಒಂದು ಕಾರ್ಖಾನೆಯಲ್ಲಿ ಬಣ್ಣದ ಪರೀಕ್ಷಕಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೆ ಬೆಲೆ. ಕಾರ್ಖಾನೆಯವರು ಆ ಬಣ್ಣವನ್ನೇ ಹಿಂಡಿ ತೆಗೆದು ಲೋಕಕ್ಕೆಲ್ಲ ಮಾರುತ್ತಿದ್ದರು. ಯಾವ ಚೀಲದ ಕಾಯಿ ಯಾವ ದರ್ಜೆ ಎಂದು ಹೇಳುವ ಯಂತ್ರಗಳು ಇದ್ದರೂ ಕೊನೆಯ ಮಾತು ಇವಳ ಕಣ್ಣಿನದು. ಹೆರಿಗೆ ರಜೆ ಮುಗಿಯುತ್ತ ಬಂದಂತೆ ಅವಳಿಗೆ ಅತ್ತ ದರಿ ಇತ್ತ ಪುಲಿ ಆಯಿತು. ತೊಟ್ಟು ಬಿಡಿಸುವ ಹೆಂಗಸರೆಲ್ಲ ಒಟ್ಟಿಗೆ ಕೂರುವ ಆ ಗೋದಾಮಿನಲ್ಲಿ ಮೆಣಸಿನಕಾಯಿಯ ಘಾಟಿಗೆ ದಿನವಿಡೀ ಒಬ್ಬರಲ್ಲ ಒಬ್ಬರು ಕೆಮ್ಮುತ್ತಲೇ ಇರುತ್ತಾರೆ. ಯಾವುದು ಕಾಯಿಯ ಕೆಮ್ಮು, ಯಾವುದು ರೋಗದ ಕೆಮ್ಮು?

"ಬಿಟ್ಟುಬಿಡವಾ," ಎಂದಿದ್ದಳು ರೇಖಾ. "ನಾ ಬಿಡಲಿಲ್ಲೇನು?"

ರೇಖಾ ಒಂದು ಕಾಲಕ್ಕೆ ಪೇಟೆ ರಸ್ತೆಯ ಶಾಲೆಯಲ್ಲಿ ಟೀಚರು. ಎರಡು ಸಾವಿರದ ಇಪ್ಪತ್ತರಲ್ಲಿ, ಆ ಹಳೆಯ ಸಾಂಕ್ರಾಮಿಕದ ನಡುವೆ ಶಿವಲೀಲಾ ಹುಟ್ಟಿದಳು. ಮುಂದೆ ಶಾಲೆ ತೆರೆದಾಗ ಬರುತ್ತೀರೋ ಬಿಡುತ್ತೀರೋ ಎಂದು ಕೇಳಿದರು. ಕೂಸನ್ನು ನೋಡಿ ಬಿಟ್ಟಳು. ಅಂಜುಬುರುಕಿ ಎಂಬ ಹೆಸರನ್ನೂ ಕಟ್ಟಿಕೊಂಡಳು. ಅದನ್ನು ನೋಡುತ್ತ ಬೆಳೆದವಳಾದ್ದರಿಂದಲೇ ಶಿವಲೀಲಾ, "ಬಿಡಂಗಿಲ್ಲ ಯವ್ವಾ. ಅಂಜಿಕಿ ಐತಿ, ಇಲ್ಲಂತ ಹೇಳೂದಿಲ್ಲ. ಅಂಜಿಕೋತನ ಹೋಗ್ತೇನಿ," ಎಂದಿದ್ದಳು. ಗುಂತಕಲ್ಲಿನ ರೈಲ್ವೆಯಲ್ಲಿದ್ದ ಗಂಡ ವೀರೇಶ, ಸೋಂಕು ತಗ್ಗುವವರೆಗೆ ಫೋನಿನಲ್ಲೇ ಮಗಳನ್ನು ನೋಡುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಗೋದಾಮಿನಲ್ಲಿ ಶಿವಲೀಲಾಳ ಬಿಲ್ಲೆ ಒಮ್ಮೆಯೂ ಬಣ್ಣ ಬದಲಿಸದಿದ್ದುದನ್ನು ಮೊದಲು ಗಮನಿಸಿದವಳು ಕಸ್ತೂರವ್ವ. ತೊಟ್ಟು ಬಿಡಿಸುವವರಲ್ಲಿ ಹಿರಿಯಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳ ಬಿಲ್ಲೆ ಆಗಲೇ ಎರಡು ಸಲ ಹಳದಿಯಾಗಿ, ಎರಡು ಸಲವೂ ಪಗಾರ ಹೋಗಿತ್ತು.

"ನಿಂದೇನಬೇ ಗುಟ್ಟು?"

"ನಮ್ಮವ್ವ ದಿನಾ ಬಿಲ್ಲಿಗೆ ಲೋಬಾನ ಹಾಕ್ತಾಳ ನೋಡು," ಎಂದು ಶಿವಲೀಲಾ ನಗೆಯಾಡಿದಳು.

ನಗೆಯಾಡಿದ್ದು ಅವಳು, ನಂಬಿದ್ದು ಗೋದಾಮು. ಬ್ಯಾಡಗಿಯ ಅಂಗಡಿಗಳಲ್ಲಿ ಲೋಬಾನಕ್ಕೆ ಇದ್ದಕ್ಕಿದ್ದಂತೆ ಗಿರಾಕಿ ಹೆಚ್ಚಿದರು. ಕೆಲವೇ ದಿನಗಳಲ್ಲಿ ಗೋದಾಮಿನ ತುಂಬ ಎಲ್ಲರ ಎದೆಯ ಮೇಲೂ ಹಸಿರೋ ಹಸಿರು. ಕಾರ್ಖಾನೆಯ ಯಜಮಾನ ಮಹಾರುದ್ರಪ್ಪ ಸಾವಕಾರ, ತಮ್ಮಲ್ಲಿ ರೋಗವೇ ಇಲ್ಲವೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ.

ಒಂದು ಮಧ್ಯಾಹ್ನ ಕಸ್ತೂರವ್ವ ಕೂತಲ್ಲಿಯೇ ಕಾಯಿರಾಶಿಯ ಮೇಲೆ ಒರಗಿದಳು. ಶಿವಲೀಲಾ ಓಡಿ ಹೋಗಿ ಎತ್ತಿ ಕೂರಿಸಿದಳು. ಮೈ ಕಾದ ಹಂಚು. ಎದೆಯೊಳಗಿಂದ ಗೊರಗೊರ ಸದ್ದು. ಆ ಎದೆಯ ಮೇಲೆ ಬಿಲ್ಲೆ ಹಚ್ಚಹಸಿರಾಗಿ ಕೂತಿತ್ತು. ಆಸ್ಪತ್ರೆಯವರು ಗೂರಲು ಜ್ವರವೆಂದು ಖಚಿತಪಡಿಸಿ ಹೇಳಿ ಕಳಿಸಿದಾಗ ಶಿವಲೀಲಾ ತನ್ನ ಬಿಲ್ಲೆಯನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡಳು. ಅದೂ ಹಸಿರು. ಈಗಷ್ಟೇ ರೋಗಿಯನ್ನು ಅಪ್ಪಿ ಎತ್ತಿದವಳ ಬಿಲ್ಲೆ ಹಸಿರು! ಇಷ್ಟು ದಿನ ಹೊಸಿಲಲ್ಲಿ ನಿಂತು ಅವಳು ಕೇಳಿದ್ದು ಒಂದು ಕುರುಡು ಗುಂಡಿಯನ್ನು.

ಆ ಸಂಜೆ ಅವಳು ಒಳಗೆ ಹೋಗಲಿಲ್ಲ. ಅಂಗಳದ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಧಾರವಾಡಕ್ಕೆ ಫೋನು ಮಾಡಿ, ಡಾಕ್ಟರ್ ಹೊಂಬಳರೇ ಬರಬೇಕು, ಬರುವಾಗ ಪರೀಕ್ಷೆಯ ಸಾಮಾನು ತರಬೇಕು ಎಂದು ಪಟ್ಟು ಬಿಡದೆ ಹೇಳಿದಳು. ಫೋನಿಟ್ಟ ಮೇಲೆ ಒಳಮನೆಯಿಂದ ಮಗಳ ಅಳು ಕೇಳಿತು. ಎದೆ ಕಟ್ಟಿ ಹಾಲು ಸೋರಿ ಬಟ್ಟೆಯೆಲ್ಲ ತೊಯ್ದಿತು. ಆಗ ಮಾತ್ರ ಅವಳು ಗೋಡೆಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಿನಾಚೆ ಕೂಸನ್ನು ಎತ್ತಿಕೊಂಡು ನಿಂತ ರೇಖಾಳೂ ಅಳುತ್ತಿದ್ದಳು.

ಮರುದಿನ ಹೊಂಬಳರು ಬಂದರು. ಮಗುವಿನ, ರೇಖಾಳ, ಶಿವಲೀಲಾಳ ಉಸಿರಿನ ಪರೀಕ್ಷೆ ಮಾಡಿ, ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಜರಡಿಯ ಒಂದೊಂದು ತೂತಿನ ಮೇಲೂ ತೆಳ್ಳಗಿನ ಅಂಟು ಪೊರೆ ಕಟ್ಟಿತ್ತು.

"ಏನಿದು? ಮರದ ಅಂಟು ಇದ್ದಂಗ ಅದ," ಎಂದರು.

ರೇಖಾ ಮುಂದೆ ಬಂದಳು. "ಲೋಬಾನ್ರೀ. ನಾನ ಹಾಕೀನಿ. ನನ್ನ ಕೈಯಾರೆ ಕೂಸಿನ ಕಾವಲುಗಾರನ ಕಣ್ಣಿಗೆ ಅರಿವಿ ಕಟ್ಟಿಬಿಟ್ಟೆ."

ಹೊಂಬಳರಿಗೆ ಮೊದಲು ಸಿಟ್ಟು ಬಂದಿತ್ತು. ಆ ಮಾತು ಕೇಳಿ ತಲೆ ತಗ್ಗಿಸಿದರು. "ತಪ್ಪು ನಿಮ್ಮದಲ್ಲರೀ. ರೋಗಾಣು ಇಲ್ಲ ಅನ್ನೂದಕ್ಕೂ, ಗಾಳೀನ ಒಳಗ ಬರಲಿಲ್ಲ ಅನ್ನೂದಕ್ಕೂ ನಾ ಒಂದ ಬಣ್ಣ ಇಟ್ಟೆ. ಜರಡಿ ಕಟ್ಟಿದ್ರ ಬಿಲ್ಲಿ ಹೇಳಬೇಕಿತ್ತು. ಅದನ್ನ ಅದಕ್ಕ ಕಲಿಸೂದು ಮರತೆ."

ಪರೀಕ್ಷೆಯ ಫಲಿತಾಂಶ ಬಂತು. ಮನೆಯ ಮೂವರಿಗೂ ಸೋಂಕಿಲ್ಲ. ಶಿವಲೀಲಾ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಮಗಳನ್ನು ಎದೆಗೆ ಒತ್ತಿಕೊಂಡಳು. ಕಸ್ತೂರವ್ವನನ್ನು ಮುಟ್ಟಿದವಳು ತಾನು, ಆದ್ದರಿಂದ ಇನ್ನೂ ಕೆಲವು ದಿನ ಪರೀಕ್ಷೆ ಮಾಡಿಸಿಕೊಳ್ಳುತ್ತ ಕೋಣೆಯಲ್ಲೇ ಉಳಿದಳು. ಮೂಗು ಬಾಯಿ ಮುಚ್ಚಿಕೊಂಡು ಹಾಲೂಡಿಸಲು ಹೊಂಬಳರು ಒಪ್ಪಿದ್ದರಿಂದ ಜೀವ ಬಂದಂತಾಗಿತ್ತು. ಅವಳಿಗೆ ಏನೂ ತಗುಲಲಿಲ್ಲ. ಗೋದಾಮಿನಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಸೋಂಕು ತಗುಲಿತ್ತು.

ಬ್ಯಾಡಗಿಯಲ್ಲೇ ಉಳಿದಿದ್ದ ಹೊಂಬಳರು ಕೊನೆಯ ಪರೀಕ್ಷೆ ಮುಗಿಸಿದಾಗ, "ಇನ್ನರ ಕೆಲಸ ಬಿಡ್ತೀಯಿಲ್ಲೋ?" ಎಂದು ರೇಖಾ ಮಗಳನ್ನು ಕೇಳಿದಳು.

ಶಿವಲೀಲಾ ಬೇರೆಯದೇ ಯೋಚನೆಯಲ್ಲಿದ್ದಳು. "ಡಾಕ್ಟರ, ನಮ್ಮೆಲ್ಲಾರ ಬಿಲ್ಲೀನೂ ಕುರುಡ ಇದ್ವು. ಎಲ್ಲಾರೂ ಒಂದ ಸೂರಿನ ಕೆಳಗ ಕುಂತಿದ್ವಿ. ನನಗ್ಯಾಕ ಬರಲಿಲ್ಲ?"

"ನೀವು ಎಲ್ಲಿ ಕೂಡ್ತೀರಿ?"

"ಉತ್ತರದ ಕಿಟಕಿ ಹತ್ರ. ಬಣ್ಣ ನೋಡಾಕ ಬಿಸಲ ಬೀಳಬಾರದು, ಗಾಜೂ ಅಡ್ಡ ಇರಬಾರದು. ಗಾಜಿನ ಹಿಂದ ಕಾಯಿ ಬಣ್ಣ ಸುಳ್ಳ ಹೇಳ್ತೈತಿ. ಅದೊಂದ ಕಿಟಕಿ ಯಾವಾಗಲೂ ತೆಗದಿರತೈತಿ." ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು. ಉಳಿದ ಕಿಟಕಿಗಳನ್ನೆಲ್ಲ ಸಾವಕಾರ ಮುಚ್ಚಿಸಿದ್ದ. ಗಾಳಿ ಆಡಿದರೆ ಕಾಯಿ ಒಣಗಿ ತೂಕ ಇಳಿಯುತ್ತದೆಂಬುದು ಅವನ ಚಿಂತೆ.

ಹೊಂಬಳರು ಗಾಳಿಯಾಟದ ಲೆಕ್ಕ, ಯಂತ್ರ ಎಂದು ಏನೋ ಹೇಳಹೊರಟರು. ರೇಖಾ ಕಣ್ಣೊರೆಸಿಕೊಂಡು ಎದ್ದಳು. "ಗಾಳಿ ಆಡತೈತೋ ಇಲ್ಲೋ ಅನ್ನೂದು ನೋಡಾಕ ಯಂತ್ರ ಯಾಕ್ರೀ? ದಿನಾ ಹೊಗಿ ಹಾಕಾಕಿ ನಾನು. ಯಾವ ಕೋಣ್ಯಾಗ ಹೊಗಿ ನಿಲ್ಲತೈತಿ, ಯಾವ ಕೋಣ್ಯಾಗ ಹೋಗತೈತಿ ಅಂತ ನನಗ ಗೊತ್ತಾಗೂದಿಲ್ಲೇನು?"

ಶಿವಲೀಲಾ ಕೆಲಸಕ್ಕೆ ಮರಳುವ ದಿನ ನೆರೆಮನೆಯವಳ ಕೈಗೆ ಕೂಸನ್ನು ಕೊಟ್ಟು ರೇಖಾಳೂ ಹೊರಟಳು. ಕೈಯಲ್ಲಿ ಕೆಂಡದ ಬಟ್ಟಲು. ಗೋದಾಮಿನ ಬಾಗಿಲಲ್ಲಿ, ಸೋಂಕು ತಗುಲದವರೂ ವಾಸಿಯಾದವರೂ ಸೇರಿ ಹೆಂಗಸರು ಹೊಂಬಳರು ಕೊಟ್ಟ ಹೊಸ ಬಿಲ್ಲೆ ಹಿಡಿದು ನಿಂತಿದ್ದರು. ಮಹಾರುದ್ರಪ್ಪ ಸಾವಕಾರ ಹುಬ್ಬು ಗಂಟಿಕ್ಕಿದ. "ಇದೇನ ಪೂಜಾ ನಡಸೀರಿ?"

"ಪೂಜಾ ಅಲ್ರೀ ಸಾವಕಾರ್ರ, ಪರೀಕ್ಷಾ," ಎಂದಳು ಶಿವಲೀಲಾ.

ರೇಖಾ ಗೋದಾಮಿನ ನಡುವೆ ಬಟ್ಟಲಿಟ್ಟು ಲೋಬಾನ ಸುರಿದಳು. ಹೊಗೆ ಮೇಲೆದ್ದಿತು, ತೊಟ್ಟು ಬಿಡಿಸುವವರು ಕೂರುವ ಸಾಲುಗಳ ಮೇಲೆ ಹರಡಿತು, ಅಲ್ಲೇ ನಿಂತಿತು. ಹೊತ್ತು ಕಳೆದರೂ ಕದಲಲಿಲ್ಲ. ಉತ್ತರದ ಕಿಟಕಿಯ ಬಳಿ ಮಾತ್ರ ಹೊಗೆ ಸರಸರನೆ ಹೊರಗೆ ಹೋಗುತ್ತಿತ್ತು. ಹೆಂಗಸರು ಬಾಗಿಲಲ್ಲೇ ನಿಂತು ನೋಡಿದರು.

"ನೋಡ್ರಿ, ಇದು ನಾವು ಬಿಟ್ಟ ಉಸಿರು," ಎಂದಳು ಶಿವಲೀಲಾ. "ಒಬ್ಬರು ಬಿಟ್ಟದ್ದನ್ನ ಇನ್ನೊಬ್ಬರು ತಗೋತೇವಿ, ಅದನ್ನ ಮನಿಗೆ ಒಯ್ತೇವಿ. ಎಲ್ಲಾ ಕಿಟಕಿ ತಗಸ್ರಿ. ಅಲ್ಲೀತನಕ ಒಳಗ ಕಾಲಿಡಂಗಿಲ್ಲ."

"ಕಾಯಿ ಒಣಗಿ ತೂಕ ಇಳದ್ರ ಯಾರು ಕಟ್ಟಿಕೊಡ್ತಾರ?"

"ಕಾಯಿಗೆ ತಾಡಪಾಲ ಹಾಕ್ರಿ. ಕೂಸಿನ ಎದಿಗೆ ತಾಡಪಾಲ ಹಾಕಾಕ ಬರೂದಿಲ್ಲ."

ಸಾವಕಾರ ಹೆಂಗಸರತ್ತ ನೋಡಿದ. ಒಬ್ಬಳೂ ಜಾಗ ಬಿಟ್ಟು ಕದಲಲಿಲ್ಲ. ಹೊರಗೆ ಚೀಲ ಹೊತ್ತ ಲಾರಿಗಳು ಕಾಯುತ್ತಿದ್ದವು. ಗೊಣಗುತ್ತಲೇ ಆಳುಗಳನ್ನು ಕರೆದ. ತುಕ್ಕು ಹಿಡಿದ ಚಿಲಕಗಳನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಕಾಯಿತು. ಒಂದೊಂದೇ ಕಿಟಕಿ ತೆರೆದಂತೆ ಹೊಗೆ ಅಲುಗಿತು, ತಿರುಗಿತು, ಹೊರಟುಹೋಯಿತು.

ಆಮೇಲೆ ಶಿವಲೀಲಾ ತನ್ನ ಹೊಸ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳದೆ ಗೋದಾಮಿನ ಕಂಬಕ್ಕೆ ತೂಗುಹಾಕಿದಳು. ಉಳಿದವರೂ ಹಾಗೇ ಮಾಡಿದರು. "ಇನ್ನ ಮ್ಯಾಲೆ ಹಳದಿ ಆಗೂದು ಕಸ್ತೂರವ್ವ ಅಲ್ಲ, ಈ ಗೋದಾಮು," ಎಂದಳು. ಕಂಬ ಹಳದಿಯಾದರೆ ಎಲ್ಲರೂ ಹೊರಗೆ, ಎಲ್ಲರಿಗೂ ಪಗಾರ. ಈ ಮಾತಿಗೆ ಸಾವಕಾರನನ್ನು ಒಪ್ಪಿಸಲು ಇನ್ನೊಂದು ವಾರ ಜಗ್ಗಾಡಬೇಕಾಯಿತು. ಜಗ್ಗಾಡಿದರು. ಹೊಂಬಳರು ಧಾರವಾಡಕ್ಕೆ ಮರಳಿ, ಜರಡಿ ಕಟ್ಟಿದರೆ ಕಪ್ಪಾಗುವ ಬಿಲ್ಲೆ ಮಾಡಿದರು. ಅದನ್ನು ಅಂಗಿಗೆ ಸಿಕ್ಕಿಸುವ ಪಿನ್ನು ತೆಗೆದು, ಗೋಡೆಗೆ ಹಾಕುವ ಕೊಂಡಿ ಇಟ್ಟರು.

ಕೆಲಸ ಸಾಗಿತು. ಶಿವಲೀಲಾಳ ಅಂಜಿಕೆ ಪೂರ್ತಿ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಸಂಜೆ ಹೊಸಿಲಲ್ಲಿ ನಿಂತಾಗ ಈಗಲೂ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಕಿಟಕಿಗಳು ತೆರೆದಿದ್ದುದನ್ನು ನೆನೆದು ಬಚ್ಚಲಿಗೆ ನಡೆಯುತ್ತಿದ್ದಳು. ಕಸ್ತೂರವ್ವ ವಾಸಿಯಾಗಿ ಬಂದು, ಉತ್ತರದ ಕಿಟಕಿಯ ಪಕ್ಕದ ಜಾಗ ತನ್ನದೆಂದು ಜಗಳ ತೆಗೆದಳು.

ಕಾರ್ಖಾನೆಗೆ ವಾರದ ರಜೆಯಿದ್ದ ಒಂದು ಮಂಗಳವಾರ ಬೆಳಿಗ್ಗೆ ಶಿವಲೀಲಾ ಕೂಸನ್ನು ಆಡಿಸುತ್ತ ಕೂತಿದ್ದಳು. ರೇಖಾ ಇಸ್ತ್ರಿ ಮಾಡಿದ ಹತ್ತಿಯ ಸೀರೆ ಉಟ್ಟು, ಕೈಯಲ್ಲಿ ಕೆಂಡದ ಬಟ್ಟಲು ಹಿಡಿದು ಒಳಗಿನಿಂದ ಬಂದಳು.

"ಎಲ್ಲಿಗಿ ಯವ್ವಾ?"

"ಪೇಟಿ ರಸ್ತೆ ಸಾಲಿಗೆ. ಆವಾಗ ನಮ್ಮ ಕ್ಲಾಸಿನ್ಯಾಗೂ ಕಿಟಕಿ ಇದ್ವು. ಲಾರಿ ಧೂಳ ಬರ್ತೈತಿ ಅಂತ ಮೊಳಿ ಹೊಡದಿದ್ರು. ಎಲ್ಲಾರೂ ನನ್ನ ಅಂಜಬ್ಯಾಡ ಅಂದ್ರು, ಒಬ್ಬರೂ ಆ ಮೊಳಿ ಕೀಳಲಿಲ್ಲ. ನಿನ್ನೆ ಆ ಕಡೆ ಹೋಗಿದ್ದೆ. ಇನ್ನೂ ಹಂಗ ಅದಾವು."

"ನಿನ್ನ ಒಳಗ ಬಿಡ್ತಾರೇನು?"

ರೇಖಾ ಚಪ್ಪಲಿ ಮೆಟ್ಟಿಕೊಂಡಳು. "ಯಾಕ ಬಿಡೂದಿಲ್ಲ? ಹೆರಿಗಿ ರಜಾ ಹಾಕಿ ಬಂದಾಕಿ ನಾನು. ತಿರುಗಿ ಹೋಗೂದು ಬಾಕಿ ಐತಿ."