ಪ್ರತಿ ಭಾನುವಾರ ಸಡಿಲವಾಗುವ ಕೇಬಲ್

“ಎಂಥದು ಮಾರಾಯ್ರೆ ಇದು? ಜೋಡಿ ಮಾಡುವ ಮೊದಲು ಜಾತಕ ನೋಡುದು ಬೇಡ್ವಾ?”

ಮಾಜಿವಾಡಾದ ಸೈಕಲ್ ವರ್ಕ್‌ಶಾಪಿನ ಮೆಕ್ಯಾನಿಕ್ ರಮಿತಾ ಹೀಗೆ ಕೇಳಿದಾಗ ಸುಮುಖನಿಗೆ ನಗು ಬಂತು. ಅವನ ಒಂದು ಕೈಯಲ್ಲಿ ರೇಸಿನ ಮೌಂಟೇನ್ ಬೈಕು, ಇನ್ನೊಂದರಲ್ಲಿ ರೋಡ್ ಬೈಕಿನ ಗೇರ್ ಲಿವರುಗಳು. ಇವನ್ನು ಅದಕ್ಕೆ ಹಾಕಿಕೊಡಬೇಕಂತೆ.

“ಬಿದ್ದು ಹೆಬ್ಬೆರಳು ಮುರಿದಿತ್ತು ರೀ. ಈಗ ಬಲಾನೇ ಇಲ್ಲ. ಮೌಂಟೇನ್ ಬೈಕಲ್ಲಿ ಹೆಬ್ಬೆರಳಲ್ಲೇ ಗೇರ್ ಒತ್ತಬೇಕು. ಇದಾದ್ರೆ ಬೇರೆ ಬೆರಳಲ್ಲಿ ತಳ್ಳಬಹುದು. ಇಲ್ಲಾಂದ್ರೆ ರೇಸ್ ಬಿಡಬೇಕಾಗತ್ತೆ.”

ಅದೇನು ಸುಲಭದ ಕೆಲಸವಲ್ಲ. ರೋಡ್ ಲಿವರು ಎಳೆಯುವ ಕೇಬಲ್ಲಿನ ಅಳತೆಗೂ, ಹಿಂದಿನ ಚಕ್ರದಲ್ಲಿ ಚೈನು ದಾಟಿಸುವ ಡಿರೇಲರ್ ಕೇಳುವ ಅಳತೆಗೂ ತಾಳಮೇಳವೇ ಇರುವುದಿಲ್ಲ. ರಮಿತಾ ಹಠಮಾರಿ. ವಿಠ್ಠಲವಾಡಿಯ ಗುಜರಿಯಲ್ಲಿ ಹುಡುಕಿ, ಆ ಲಿವರಿಗೆ ಹೊಂದುವ ಹಳೇ ಡಿರೇಲರ್ ತಂದಳು. ಹ್ಯಾಂಡಲ್, ಬ್ರೇಕು ಎಲ್ಲ ಬದಲಿಸಿದಳು. ಇಂಥದ್ದೆಲ್ಲ ನಿಲ್ಲುವುದಿಲ್ಲ, ಅಂಗಡಿ ಹೆಸರು ಕೆಡಿಸುತ್ತೀ ಎಂದು ಗೊಣಗಿದ ಮಾಲೀಕ ಯೋಗೀಶ್ ಕೂಡ ಒಂದು ಸುತ್ತು ಹೊಡೆದು ಬಂದು, “ಏಕ್‌ದಮ್ ಮಖ್ಖನ್, ಬೆಣ್ಣೆ ಥರ ಓಡ್ತದೆ” ಎಂದ.

ಮುಂದಿನ ಭಾನುವಾರ ಸುಮುಖ ಮತ್ತೆ ಹಾಜರು. “ಗೇರ್ ಜಂಪ್ ಆಗ್ತಿದೆ ರೀ.”

ಅವಳು ಸರಿಮಾಡಿದಳು. ಇಬ್ಬರೂ ಅರ್ಧ ಗ್ಲಾಸಿನ ಕಟಿಂಗ್ ಚಹಾ ಕುಡಿದರು. ಅದರ ಮುಂದಿನ ಭಾನುವಾರವೂ ಅದೇ ದೂರು, ಅದೇ ಚಹಾ. ಅವಳು ‘ಉಂಟು’ ಅಂದರೆ ಅವನು ‘ಉಂಟಾ?’ ಎಂದು ಅಣಕಿಸುವನು. ಅವಳು ಓರೆಗಣ್ಣಲ್ಲಿ ದುರುಗುಟ್ಟಿದರೆ ಗ್ಲಾಸಿನೊಳಗೇ ನಗುವನು. ಡೊಂಬಿವಲಿಯ ಮನೆಯಿಂದ ಭಾನುವಾರ ಹೊರಡುವಾಗ ರಮಿತಾ ಕಾಡಿಗೆ ಹಚ್ಚುವುದನ್ನು ಅವಳ ಅಮ್ಮ ದಮಯಂತಿ ಕಂಡೂ ಕಾಣದಂತೆ ಇದ್ದರು.

ಆದರೆ ಯೋಗೀಶ್ ಸುಮ್ಮನಿರಬೇಕಲ್ಲ. “ನಾನು ಹೇಳಿದ್ದೇ ಆಯ್ತು ನೋಡು. ವಾರ ವಾರ ವಾಪಸ್ ಬರ್ತದೆ ನಿನ್ನ ಕೆಲಸ.”

ರಮಿತಾಳಿಗೆ ಮೈಯೆಲ್ಲ ಉರಿಯಿತು. ಆ ಭಾನುವಾರ ಸುಮುಖನೆದುರೇ ಕೂತು ಗೇರನ್ನು ಪರೀಕ್ಷಿಸಿದಳು. ಕೇಬಲ್ ಬಿಗಿಯುವ ಪುಟ್ಟ ತಿರುಪನ್ನು ಯಾರೋ ಬೇಕೆಂದೇ ತಿರುಗಿಸಿದ್ದರು.

“ಇದನ್ನು ನೀವು ಮುಟ್ಟಿದ್ರಾ?”

ಸುಮುಖನ ಕಿವಿ ಕೆಂಪಾಯಿತು. “ಸ್ವಲ್ಪ…”

“ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದಿದ್ರೆ ಇಲ್ಲಿಗೆ ಬರುದು ಯಾಕೆ?” ಅವಳು ಕೇಬಲ್ ಸರಿಮಾಡಿ ತಿರುಪಿಗೆ ಗಟ್ಟಿ ಅಂಟು ಹಾಕಿದಳು. “ಇನ್ನು ಅಲ್ಲಾಡುದಿಲ್ಲ. ನೀವು ಬರ್ಬೇಕಂತಲೂ ಇಲ್ಲ.”

“ಸುಮ್ನೆ ಬರಬಾರದಾ?”

“ಸುಮ್ಮನೆ ಬರ್ಲಿಕ್ಕೆ ಇದೆಂಥ ಗಾರ್ಡನ್ನಾ?”

ಅವನು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಆಮೇಲೆ ಬರಲಿಲ್ಲ.

ಅಷ್ಟು ದೂರದ ಬೇಲಾಪುರದಲ್ಲಿರುವ ಸುಮುಖ ದಾರಿಯುದ್ದಕ್ಕೂ ಇರುವ ಸೈಕಲ್ ಅಂಗಡಿಗಳನ್ನೆಲ್ಲ ಬಿಟ್ಟು ಮಾಜಿವಾಡಾಕ್ಕೇ ಯಾಕೆ ಬರುತ್ತಿದ್ದ? ಕೆಲಸದಲ್ಲಿ ಅಷ್ಟು ಚುರುಕಾದವಳಿಗೆ ಇಷ್ಟು ಹೊಳೆಯಲು ಎಷ್ಟೋ ಖಾಲಿ ಭಾನುವಾರಗಳು ಬೇಕಾದವು. ಹೊಳೆದದ್ದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ನಿಂತಲ್ಲೇ ಅಳು ಬಂತು. ಫೋನಿನಲ್ಲಿ ಅವನ ನಂಬರು ಇತ್ತು. ಕಸ್ಟಮರಿಗೆ ತಾನಾಗಿ ಫೋನು ಮಾಡಿ ಏನು ಹೇಳುವುದು ಎಂಬ ಬಿಂಕ. ಇವತ್ತು, ನಾಳೆ ಎಂದು ದಿನ ದೂಡಿದಳು, ಪೆದ್ದಿ.

ಮಳೆಗಾಲ ಕಳೆದ ಮೇಲೆ ಅವನೇ ಬಂದ. ಪುಣೆ ಆಫೀಸಿಗೆ ವರ್ಗವಾಗಿತ್ತು, ಬೈಕನ್ನು ಬಿಚ್ಚಿ ಡಬ್ಬಕ್ಕೆ ತುಂಬಿಕೊಡಬೇಕಿತ್ತು.

“ಗೇರ್ ಒಂದ್ಸಲಾನೂ ಕೈ ಕೊಡ್ಲಿಲ್ಲ ರೀ,” ಎಂದ. ಹೊಗಳಿಕೆಯಿಂದ ಇಷ್ಟು ಸಂಕಟವಾದದ್ದು ಅವಳಿಗೆ ಅದೇ ಮೊದಲು.

“ಆಗ ನೀವೇ ತಿರುಗಿಸಿ ತರ್ತಿದ್ರಲ್ಲ. ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?”

“ಆವತ್ತು ಹೇಳೋಣ ಅಂತಾನೇ ಬಂದಿದ್ದೆ. ನೀವು ಅಂಟು ಹಾಕಿಬಿಟ್ರಿ.”

ಅವಳು ಪೆಡಲ್ ಬಿಚ್ಚುತ್ತ, ತಲೆ ಎತ್ತದೆ ಹೇಳಿದಳು. “ನಂಗೂ ನೀವಂದ್ರೆ ಇಷ್ಟ ಇತ್ತು. ಈಗಲೂ ಉಂಟು.”

ಅವನು ಬಿಚ್ಚಿಟ್ಟ ಪೆಡಲನ್ನು ಎತ್ತಿ ಡಬ್ಬದೊಳಗಿಟ್ಟ. “ಹೋದ ತಿಂಗಳು ಮೈಸೂರಲ್ಲಿ ನಿಶ್ಚಿತಾರ್ಥ ಆಯ್ತು, ರಮಿತಾ. ಒಳ್ಳೇ ಹುಡುಗಿ.” ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಡಬ್ಬ ಟೆಂಪೋ ಏರಿತು. ಅವಳು ನಲ್ಲಿಯ ಹತ್ತಿರ ಹೋಗಿ ಬಂದಳು. ಹೊರಡುವ ಮುನ್ನ ಅವನು ಕೈ ಚಾಚಿದ.

“ಬೇಡ, ಕೈಯೆಲ್ಲ ಗ್ರೀಸು,” ಎಂದು ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸೋಪು ಹಾಕಿ ತೊಳೆದ ಬೆರಳುಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.