ನೋಟ ಬಿದ್ದವರ ಸರದಿ

ಬೂನ್ ಊರಿನ ವೇದಿಕೆಯ ಮೇಲೆ ನಾನು ಆನ್ಸೆಲ್‌ನ ಮುಖ ನೋಡಬಾರದಿತ್ತು.

ನಮ್ಮ ‘ಥರ್ಡ್ ಪೋರ್ಚ್’ ತಂಡದಲ್ಲಿ ಮೂವರೂ ಒಂದೇ ಮೈಕಿನ ಸುತ್ತ ನಿಂತು ನುಡಿಸುತ್ತೇವೆ. ಮುಂದಿನ ಸೋಲೊ, ಅಂದರೆ ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ, ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ನುಡಿಸುತ್ತಿರುವಾಗ ಒಬ್ಬರು ಇನ್ನೊಬ್ಬರ ಮುಖ ನೋಡಿದರೆ ‘ಇನ್ನು ನಿನ್ನ ಸರದಿ’ ಎಂದರ್ಥ. ನೋಟ ಬಿದ್ದವರು ಮೈಕಿನ ಹತ್ತಿರ ಬರುತ್ತಾರೆ, ಉಳಿದವರು ಹಿಂದೆ ಸರಿಯುತ್ತಾರೆ.

ನಾನು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ನನ್ನದು ಡಬಲ್ ಬೇಸ್, ಆಳೆತ್ತರದ ಪಿಟೀಲಿನಂಥ ವಾದ್ಯ. ಕೆಳಗಿನ ಸ್ವರಗಳನ್ನು ಬಿಗಿಯಾಗಿ ಹಿಡಿದುಕೊಂಡು, ಕಾಲಪ್ರಮಾಣ ಕೆಡದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ಸರದಿ ಹಂಚುವುದು ಬಲ್ಲವರ ಕೆಲಸ ಎಂದು ನಾನು ನಂಬಿದ್ದೆ. ಹಗಲು ಟೈಲ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಸ್ವರಲಿಪಿ ಓದಲು ಕಲಿತವಳು ನಾನು. ಆರು ವರ್ಷ ನನ್ನ ಬೂಟಿನ ತುದಿಯನ್ನೇ ನೋಡುತ್ತ ನುಡಿಸಿದೆ.

ಅವತ್ತು ಆನ್ಸೆಲ್ ತನ್ನ ಪಿಟೀಲಿನ ಸೋಲೊ ಮುಗಿಸಿ, ಬರ್ಡಿಯವರ ಕಡೆ ನೋಡಿ ಹಿಂದೆ ಸರಿಯುತ್ತಿದ್ದ. ಬರ್ಡಿ ಮ್ಯಾಂಡೊಲಿನ್ ಎತ್ತಿಕೊಂಡು ಮುಂದೆ ಬರುತ್ತಿದ್ದರು. ಅಷ್ಟರಲ್ಲಿ ಅವನ ಕಮಾನಿನ ಒಂದು ಕೂದಲು ಕಿತ್ತುಬಂದು ದೀಪದ ಬೆಳಕಿನಲ್ಲಿ ತೇಲಿತು. ಅವನು ಹಿಂದೆ ಸರಿಯುತ್ತಲೇ ಕತ್ತು ಬಾಗಿಸಿ, ಅದನ್ನು ಹಲ್ಲಿನಲ್ಲಿ ಕಡಿದು ತೆಗೆದ. ಕಡಿಯುವಾಗ ಅವನ ಮೂಗು ಚಿಕ್ಕದಾಗಿ ಸುಕ್ಕಾಯಿತು.

ನಾನು ನೋಡಿಬಿಟ್ಟೆ. ನೋಡುತ್ತಲೇ ಇದ್ದೆ. ಅವನೂ ತಲೆ ಎತ್ತಿ ನನ್ನನ್ನು ನೋಡಿದ.

ಅವನ ಹುಬ್ಬು ಮೇಲೇರಿತು. ‘ನಾನಾ? ಮತ್ತೆ?’ ಎಂಬಂತೆ. ಮರುಗಳಿಗೆ ಮೈಕಿನತ್ತ ನುಗ್ಗಿದ. ಬರ್ಡಿಯವರ ಮ್ಯಾಂಡೊಲಿನ್ನಿನ ತಲೆ ಅವನ ಪಿಟೀಲಿನ ಪಕ್ಕೆಗೆ ಟಕ್ ಎಂದು ಬಡಿಯಿತು. ಸಭೆ ಅದೂ ಒಂದು ತಮಾಷೆಯೆಂದು ಚಪ್ಪಾಳೆ ತಟ್ಟಿತು.

ವ್ಯಾನಿನಲ್ಲಿ ಬರ್ಡಿ ಸ್ಟೀರಿಂಗ್ ಹಿಡಿದೇ ವಿಚಾರಣೆ ಶುರುಮಾಡಿದರು. ತಂಡ ಕಟ್ಟಿದವರು ಅವರೇ. ಐವತ್ತೆಂಟು ವರ್ಷದ ಹೆಂಗಸು, ಉಪ್ಪುಕಾಗದದಂಥ ನಾಲಿಗೆ.

“ಲೇ ಡೆಲ್ಲಾ, ನಾನು ಬರ್ತಿರೋದು ನಿಂಗೆ ಕಾಣಿಸ್ಲಿಲ್ವಾ?”

“ಅವನ ಕಮಾನಿನ ಕೂದಲು ಕಿತ್ತುಬಂದಿತ್ತು ಬರ್ಡಿ. ಅದನ್ನ ನೋಡ್ದೆ ಅಷ್ಟೆ.”

“ಕೂದಲು ನೋಡೋಳಾ ನೀನು?” ಹಿಂದಿನ ಸೀಟಿನಿಂದ ಆನ್ಸೆಲ್ ನಕ್ಕ. “ಆರು ವರ್ಷದಲ್ಲಿ ಇವಳು ಒಂದ್ಸಲನಾದ್ರೂ ಯಾರಿಗಾದ್ರೂ ಸರದಿ ಕೊಟ್ಟಿದ್ಲಾ ಹೇಳಿ ಬರ್ಡಿ. ನಂಗೆ ಕೊಟ್ಲು. ನಾನು ಬಿಡ್ತೀನಾ?”

ನಾನು ಕಿಟಕಿಯ ಕಡೆ ತಿರುಗಿದೆ.

ಆಮೇಲಿನ ವಾರಗಳಲ್ಲಿ ನನಗೆ ನೆಮ್ಮದಿ ಎಂಬುದಿರಲಿಲ್ಲ. ಪ್ರತಿ ಊರಿನಲ್ಲೂ ಬೂಟು ನೋಡಬೇಕೆಂದು ಶಪಥ ಮಾಡುತ್ತಿದ್ದೆ. ಪ್ರತಿ ಊರಿನಲ್ಲೂ ಶಪಥ ಮುರಿಯುತ್ತಿತ್ತು. ಅಬಿಂಗ್ಡನ್‌ನಲ್ಲಿ ಅವನು ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿಕೊಂಡಿದ್ದ. ಜಾನ್ಸನ್ ಸಿಟಿಯಲ್ಲಿ ಹಿಂದಿನ ದಿನ ತಾನೇ ಕೂದಲು ಕತ್ತರಿಸಿಕೊಂಡು ಒಂದು ಕಿವಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿಸಿಕೊಂಡಿದ್ದ. ನೋಡುತ್ತಿದ್ದೆ, ಅವನು ಮೈಕಿಗೆ ಬರುತ್ತಿದ್ದ, ನುಡಿಸುತ್ತಿದ್ದ.

ತೊಂದರೆಯೆಂದರೆ, ಅವನು ನುಡಿಸುತ್ತಿದ್ದ ರೀತಿ. ಮೊದಮೊದಲು ಅಂಜುತ್ತ, ಆಮೇಲೆ ಸಲುಗೆಯಿಂದ, ಕೊನೆಗೆ ಮೈಮರೆತು. ಬೆಟ್ಟದ ಊರುಗಳ ಕುಣಿತದ ಟ್ಯೂನ್ ಹಿಡಿದು ಹೊರಟವನು ಎಲ್ಲೆಲ್ಲೋ ಅಲೆದು, ಚರ್ಚಿನ ಹಾಡಿನ ಅಂಗಳ ಹಾದು, ಹೆಸರೇ ಇಲ್ಲದ ಜಾಗದಲ್ಲಿ ಒಂದೇ ಸ್ವರದ ಮೇಲೆ ನಿಂತುಬಿಡುತ್ತಿದ್ದ. ಸಭೆ ಕೆಮ್ಮುವುದನ್ನೂ ಮರೆಯುತ್ತಿತ್ತು.

ನಮ್ಮ ತಂಡಕ್ಕೆ ಇಂಥ ಮೌನ ಹೊಸದು. ಬ್ಲೂಗ್ರಾಸ್ ಎಂಬ ಬೆಟ್ಟದ ಜಾನಪದ ಸಂಗೀತದ ಉತ್ಸವದವರು “ಇದು ಬ್ಲೂಗ್ರಾಸ್ ಅಲ್ಲಮ್ಮ” ಎಂದು ನಮ್ಮನ್ನು ಹೊರಗಿಟ್ಟವರು. ಜಾಝ್ ಕ್ಲಬ್ಬಿನವರು “ಡ್ರಮ್ಸ್ ಎಲ್ಲಿ?” ಎಂದು ವ್ಯಾನಿನೊಳಗೆ ಇಣುಕಿದವರು. ಒಂದು ಅಂಗಡಿಯಲ್ಲಿ ನಮ್ಮ ರೆಕಾರ್ಡ್ ಮಕ್ಕಳ ಹಾಡುಗಳ ಸಾಲಿನಲ್ಲಿತ್ತು. “ಪರವಾಗಿಲ್ಲ ಬಿಡು,” ಎಂದಿದ್ದರು ಬರ್ಡಿ, “ಮಕ್ಕಳಾದ್ರೂ ಕೊಂಡ್ಕೊಳ್ತಾರೆ.”

ಈಗ ಜನ ನಿಂತು ಕೇಳತೊಡಗಿದರು. ನಾಕ್ಸ್‌ವಿಲ್‌ನಲ್ಲಿ ಒಬ್ಬಳು ಹೆಂಗಸು ಕಾರ್ಯಕ್ರಮ ಮುಗಿದ ಮೇಲೆ ಆನ್ಸೆಲ್‌ನನ್ನು ಪಕ್ಕಕ್ಕೆ ಕರೆದಳು. ನ್ಯೂಯಾರ್ಕಿನ ದೊಡ್ಡದೊಂದು ತಂಡದವಳು. ಅವರ ಪಿಟೀಲಿನವನು ಕೈನೋವಿನಿಂದ ತಂಡ ಬಿಟ್ಟಿದ್ದ, ವಾರದೊಳಗೆ ಯುರೋಪಿಗೆ ಹೊರಡಬೇಕಿತ್ತು. ವರ್ಷವಿಡೀ ಕಾರ್ಯಕ್ರಮಗಳು. ಬರುತ್ತೀಯೋ ಇಲ್ಲವೋ, ಭಾನುವಾರ ಸಂಜೆಯೊಳಗೆ ಹೇಳು ಎಂದಳಂತೆ.

ಅವನು ಅದನ್ನು ಮೊದಲು ಹೇಳಿದ್ದು ನನಗೆ.

“ಎಲ್ಲ ನಿನ್ನಿಂದಾನೇ ಡೆಲ್ಲಾ. ನನ್ನ ಮೇಷ್ಟ್ರುಗಳು ಯಾರೂ ನಾನು ಸೋಲೊಗೆ ಲಾಯಕ್ಕು ಅಂತ ಹೇಳಿರ್ಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸ್ಕೊಳ್ಳೋದು ನೀನು. ನೀನೇ ಆರಿಸ್ಕೊಂಡ ಮೇಲೆ ನಂಗೆ ಧೈರ್ಯ ಬಂತು.”

ನಾನು “ಓಹ್” ಎಂದೆ.

ಮೂರು ದಿನ ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಅವನ ಧೈರ್ಯದ ಬುಡದಲ್ಲಿರುವುದು ನನ್ನ ಸುಳ್ಳು. ನಿಜ ಹೇಳಿದರೆ ಆ ಧೈರ್ಯ ಕುಸಿಯಬಹುದು. ಹೇಳದಿದ್ದರೆ ಅವನು ತಪ್ಪು ಲೆಕ್ಕದ ಮೇಲೆ ಬದುಕು ಕಟ್ಟಿಕೊಳ್ಳಲು ಹೊರಡುತ್ತಾನೆ. ಇನ್ನೂ ಕೆಟ್ಟದ್ದೆಂದರೆ, ಈಗ ಹೇಳಿದರೆ ಅವನನ್ನು ತಡೆಯಲು ಹೂಡಿದ ಹೂಟದಂತೆ ಕಾಣುವುದಿಲ್ಲವೇ? ಒಂದು ವೇಳೆ ಅದು ಹೂಟವೇ ಇರಬಹುದೇ? ನನ್ನ ಮನಸ್ಸನ್ನು ನಾನೇ ನಂಬದ ಸ್ಥಿತಿ.

ಭಾನುವಾರ ಮಧ್ಯಾಹ್ನ ಬ್ರಿಸ್ಟಲ್‌ನಲ್ಲಿ, ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಒಂದು ಲಾಂಡ್ರಿಯಲ್ಲಿದ್ದೆವು. ಪ್ರವಾಸ ಹಿಂದಿನ ದಿನ ಮುಗಿದಿತ್ತು. ವೇದಿಕೆಯ ಕಪ್ಪು ಅಂಗಿಗಳೆಲ್ಲ ಬಟ್ಟೆ ಒಣಗಿಸುವ ಒಂದೇ ಡ್ರೈಯರಿನಲ್ಲಿ ತಿರುಗುತ್ತಿದ್ದವು. ಆನ್ಸೆಲ್ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದ. ಬರ್ಡಿ ಹೊರಗೆ ವ್ಯಾನಿನಲ್ಲಿ ನನ್ನ ಡಬಲ್ ಬೇಸ್ ಅಲುಗದಂತೆ ಪಟ್ಟಿ ಬಿಗಿಯುತ್ತಿದ್ದರು.

“ಆ ನೋಟ ಸೋಲೊಗೆ ಅಂತ ಅಲ್ಲ,” ಎಂದೆ.

“ಯಾವ ನೋಟ?”

“ಬೂನ್‌ದು. ಅಬಿಂಗ್ಡನ್‌ದು. ನೀನು ಕೂದಲು ಕಡಿದಾಗ ನಿನ್ನ ಮೂಗು ಸುಕ್ಕಾಯ್ತು. ಅದಕ್ಕೆ ನೋಡ್ದೆ. ಆಮೇಲೆ ನಿನ್ನ ತೋಳಿಗೆ. ಆಮೇಲೆ ನೀನು ಕೆಡಿಸ್ಕೊಂಡ ಆ ಕ್ರಾಪಿಗೆ.”

ಅವನ ಕೈಯಲ್ಲಿ ಒಂಟಿ ಕಾಲುಚೀಲ ಹಾಗೇ ಉಳಿಯಿತು.

“ನಂಗೆ ನೀನಂದ್ರೆ ಇಷ್ಟ ಆನ್ಸೆಲ್. ಸರದಿ ಕೊಡೋಕೆ ನೋಡಿದ್ದಲ್ಲ. ನೋಡದೇ ಇರೋಕೆ ಆಗ್ಲಿಲ್ಲ.”

“ಅಂದ್ರೆ,” ಎಂದ ನಿಧಾನವಾಗಿ, “ನಾನು ಚೆನ್ನಾಗಿ ನುಡಿಸ್ತೀನಿ ಅಂತ ಅಲ್ಲ.”

ನಾನು ಹೆದರಿದ್ದು ಇದಕ್ಕೇ. ಆದರೂ ಅರ್ಧ ನಿಜ ಹೇಳಿ ಬಿಡುವುದು ನನ್ನಿಂದಾಗಲಿಲ್ಲ.

“ಬೂನ್‌ನಲ್ಲಿ ಅದಕ್ಕಲ್ಲ. ಅಬಿಂಗ್ಡನ್‌ನಲ್ಲೂ ಅಲ್ಲ. ಆದ್ರೆ ನಾಕ್ಸ್‌ವಿಲ್‌ಗೆ ಬರೋ ಹೊತ್ತಿಗೆ, ನಿನ್ನ ಮುಖ ಕಂಡ್ರೆ ಆಗ್ತಿರ್ಲಿಲ್ಲ ಅಂತಿಟ್ಕೋ, ಆಗ್ಲೂ ನಿನ್ನನ್ನೇ ನೋಡ್ತಿದ್ದೆ. ನೀನು ನುಡಿಸೋದು ಕೇಳಿದ್ಮೇಲೆ ಇನ್ಯಾರಿಗೂ ಸರದಿ ಕೊಡೋ ಹಾಗೇ ಇರ್ಲಿಲ್ಲ. ಆ ಹೆಂಗಸು ಸುಮ್ನೆ ಬಂದಿಲ್ಲ ಕಣೋ. ಅವಳೇನು ನಿನ್ನ ಮೂಗು ನೋಡಿ ಕರೆದ್ಲಾ?”

ಅವನು ನಗಲಿಲ್ಲ. ಕಾಲುಚೀಲವನ್ನು ಬೆಂಚಿನ ಮೇಲಿಟ್ಟು ಫೋನ್ ತೆಗೆದುಕೊಂಡು ಹೊರಗೆ ಹೋದ. ಗಾಜಿನಾಚೆ ಬೀದಿಯಲ್ಲಿ ಅವನು ಅತ್ತಿಂದಿತ್ತ, ಇತ್ತಿಂದತ್ತ ತಿರುಗುವುದು ಕಾಣುತ್ತಿತ್ತು. ಫೋನ್ ಒಮ್ಮೆ ಕಿವಿಗೆ, ಒಮ್ಮೆ ಜೇಬಿಗೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಸಾವಿರ ಸಲ ಅಂದುಕೊಂಡೆ.

ಬರ್ಡಿ ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಒಳಗೆ ಬಂದರು. ನನ್ನ ಮುಖ ನೋಡಿ, ಹೊರಗೆ ನೋಡಿ, ಅರ್ಧ ಮುರಿದು ನನಗೆ ಕೊಟ್ಟರು.

“ಹೇಳ್ಬಿಟ್ಯಾ?”

“ನಿಮಗೆ ಗೊತ್ತಿತ್ತಾ?”

“ಒಂದು ಮೈಕಿನ ಸುತ್ತ ಮೂರು ಜನ ನಿಂತಿರ್ತೀವಿ. ಒಬ್ಬಳು ಇನ್ನೊಬ್ಬನ್ನ ಬಿಸಿ ಬಿಸಿ ಬನ್ ನೋಡ್ದಂಗೆ ನೋಡ್ತಿರ್ತಾಳೆ. ನಾನೇನು ಗೋಡೆನಾ?”

“ಅವನು ಹೋದ್ರೆ ತಂಡ ಏನಾಗುತ್ತೆ ಬರ್ಡಿ? ಜನ ಈಗೀಗ ಕೇಳೋಕೆ ಶುರು ಮಾಡಿದಾರೆ.”

“ಇವನು ನನ್ನ ನಾಲ್ಕನೇ ಪಿಟೀಲು. ಒಬ್ಬ ದಂತವೈದ್ಯ ಆದ, ಒಬ್ಳು ಮದುವೆಯಾಗಿ ಅಲಾಸ್ಕಾಗೆ ಹೋದ್ಲು, ಒಬ್ಬ ನನ್ನ ಜೊತೆ ಜಗಳಾಡಿ ಹೋದ. ತಂಡ ನಿಂತಿದೆ ತಾನೆ? ಮೊದಲು ಆ ಬ್ರೆಡ್ ನುಂಗು.” ಆಮೇಲೆ ಬೇರೆ ದನಿಯಲ್ಲಿ ಅಂದರು: “ಇವನು ಹೋದ್ರೆ ನಂಗೂ ಕಷ್ಟಾನೇ ಕಣೇ. ಅದನ್ನ ಅವನ ಮುಂದೆ ಹೇಳ್ಬೇಡ.”

ಬಾಗಿಲ ಗಂಟೆ ಕಿಣಿಗುಟ್ಟಿತು. ಆನ್ಸೆಲ್ ಬಂದ. ಬರ್ಡಿ “ವ್ಯಾನಿಗೆ ಪೆಟ್ರೋಲ್ ಹಾಕಿಸ್ಬೇಕು” ಎಂದು ಯಾರಿಗೋ ಹೇಳುವಂತೆ ಹೇಳಿ ಹೊರಟುಹೋದರು.

“ಅವಳಿಗೆ ಬರ್ತೀನಿ ಅಂದೆ,” ಎಂದ. “ಇವತ್ತಿನ ಬಸ್ಸಿಗೇ ಹೊರಡ್ತೀನಿ.”

“ಒಳ್ಳೇದು.” ಅವನು ಹೋಗುವುದು ನನಗೆ ಬೇಡವಾಗಿದ್ದರೂ ಅದು ಒಳ್ಳೆಯದೇ ಆಗಿತ್ತು.

“ಬೇಡ ಅನ್ನು. ಈಗ್ಲೇ ತಿರುಗಿ ಫೋನ್ ಮಾಡ್ತೀನಿ.”

“ಅನ್ನಲ್ಲ.”

“ಗೊತ್ತಿತ್ತು. ನೀನು ಬೇಡ ಅಂತೀಯ ಅನ್ನೋ ಅನುಮಾನ ಒಂಚೂರು ಇದ್ದಿದ್ರೂ ನಿನ್ನ ಕೇಳ್ತಿರ್ಲಿಲ್ಲ.” ಅವನು ಬೆಂಚಿನ ತುದಿಯಲ್ಲಿ ಕೂತ. ಮತ್ತೆ ಎದ್ದ. “ನಾನೂ ಒಂದು ಹೇಳ್ಬೇಕು. ಬೈಬೇಡ.”

“ಏನು?”

“ಅಬಿಂಗ್ಡನ್‌ನಲ್ಲಿ ನನ್ನ ನೋಡಿದಾಗ ನಿನ್ನ ಕಿವಿ ಕೆಂಪಗಾಗಿತ್ತು. ಬರ್ಡಿ ಸರದಿ ಕೊಡುವಾಗ ಅವರ ಕಿವಿ ಕೆಂಪಾಗಲ್ಲ.”

ನನ್ನ ಕೈ ತಾನಾಗಿ ಕಿವಿಗೆ ಹೋಯಿತು.

“ಅಲ್ಲೇ ಅನುಮಾನ ಬಂತು. ನಿಂಗೆ ನಾನೂ ಇಷ್ಟ, ನಾನು ನುಡಿಸೋದೂ ಇಷ್ಟ, ಎರಡೂ ಆಗಿರ್ಲಿ ಅಂತ ಆಸೆ. ಕೇಳಿದ್ರೆ ಒಂದು ಸುಳ್ಳಾಗುತ್ತೇನೋ ಅಂತ ಭಯ. ಅದಕ್ಕೆ ನೀನು ನೋಡಿದಾಗೆಲ್ಲ ಮೈಕಿಗೆ ಓಡ್ತಿದ್ದೆ. ಅಷ್ಟು ಜನರ ಮುಂದೆ ಇನ್ನೇನು ಮಾಡ್ಲಿ? ನುಡಿಸೋದೊಂದೇ ಗೊತ್ತಿದ್ದಿದ್ದು.”

“ಅಂದ್ರೆ ಆ ಸೋಲೊಗಳೆಲ್ಲ…”

“ನಿಂಗೆ ಉತ್ತರ ಕಣೇ. ಅಷ್ಟೂ.”

ನಾನು ಬೇಸ್ ನುಡಿಸುವವಳು, ಮೇಲಿನ ಸ್ವರ ಏನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳುವುದೇ ನನ್ನ ಕಸುಬು. ನಾಕ್ಸ್‌ವಿಲ್‌ನಲ್ಲಿ ಅವನು ಒಂದೇ ಸ್ವರದ ಮೇಲೆ ನಿಂತಾಗ ಇಡೀ ಸಭೆ ಉಸಿರು ಹಿಡಿದಿತ್ತು. ಅದರ ಕೆಳಗೆ ನನ್ನ ಸ್ವರ ಬದಲಾಗದಂತೆ ಕಾದಿದ್ದೆ. ಅದು ನನಗೆಂದು ಬಂದದ್ದು ಗೊತ್ತೇ ಆಗಿರಲಿಲ್ಲ.

“ದಡ್ಡಿ ನಾನು.”

“ನಾನೂ ದಡ್ಡನೇ. ಜೋಡಿ ಸರಿಯಾಗಿದೆ,” ಎಂದ. ಆಗ ಅವನು ನನ್ನ ಎಡಗೈ ಹಿಡಿದು, ದಪ್ಪ ತಂತಿಗಳಿಂದ ಜಡ್ಡುಗಟ್ಟಿದ ಬೆರಳ ತುದಿಗಳಿಗೆ ಒಂದೊಂದಾಗಿ ಮುತ್ತಿಟ್ಟ. ಆ ತುದಿಗಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಗೊತ್ತಾಗುತ್ತದೆ.

“ನಿಂಗೆ ಅಲ್ಲಿ ಬೇರೆ ಯಾರಾದ್ರೂ…” ಎಂದು ಶುರುಮಾಡಿ ನಿಲ್ಲಿಸಿದೆ.

“ಬೇರೆ ಯಾರಾದ್ರೂ ಏನು? ಮುಗಿಸು.”

“ಏನಿಲ್ಲ. ಊಟ ಸರಿಯಾಗಿ ಮಾಡು.”

ಅವನು ಗಟ್ಟಿಯಾಗಿ ನಕ್ಕ. ಆ ನಗುವಿನ ನಡುವೆಯೇ ಡ್ರೈಯರ್ ನಿಂತಿತು. ಅಂಗಿಗಳು ಧೊಪ್ಪೆಂದು ಕೆಳಗೆ ಬಿದ್ದವು. ಬುಟ್ಟಿ ಹಿಡಿದ ಒಬ್ಬಳು ಅಜ್ಜಿ ಬಂದು ನಮ್ಮ ಪಕ್ಕದಲ್ಲಿ ನಿಂತಳು.

“ನಿಮ್ದು ಮುಗೀತೇನಮ್ಮ?”

ನಾನು ಏಳಲು ಹೊರಟೆ. ಆನ್ಸೆಲ್ ಡ್ರೈಯರಿನ ಬಾಗಿಲು ತೆರೆದು, ನನ್ನ ಕಪ್ಪು ಅಂಗಿಯ ತೋಳು ಮುಟ್ಟಿ ನೋಡಿದ. ಬಿಸಿ ಗಾಳಿ ನನ್ನ ಮುಖದವರೆಗೂ ಬಂತು. ಅಂಗಿ ಗರಿಗರಿಯಾಗಿ ಒಣಗಿತ್ತು.

“ಇಲ್ಲಮ್ಮ,” ಎಂದ ಬಹಳ ಗಂಭೀರವಾಗಿ, “ಇನ್ನೂ ಹಸಿ ಇದೆ.”

ಜೇಬು ತಡಕಿ ಯಂತ್ರಕ್ಕೆ ಇನ್ನೊಂದು ನಾಣ್ಯ ಹಾಕಿದ. ಅವನ ಅಂಗಿ, ನನ್ನ ಅಂಗಿ ಮತ್ತೆ ಮೇಲೇರಿ ಒಂದರ ಮೇಲೊಂದು ಬೀಳತೊಡಗಿದವು. ಅಜ್ಜಿ ನಮ್ಮ ಕೈಗಳ ಕಡೆ ಒಮ್ಮೆ ನೋಡಿ, ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಆಚೆಯ ಯಂತ್ರದತ್ತ ನಡೆದಳು.