ದೊಡ್ಡಮ್ಮನ ಮಗ

ವಿಠ್ಠಲ ಅವಳನ್ನು ಮೊದಲು ಕಂಡದ್ದು ನಾಗರಭಾವಿಯ ಬಸ್ ಸ್ಟಾಪಿನಲ್ಲಿ. ಜೂನ್ ತಿಂಗಳ ಒಂದು ಸೋಮವಾರ. ಅವಳು ಸೂಟ್‌ಕೇಸಿನ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳ ತಂದೆ ರೇವಣಸಿದ್ದಯ್ಯ. ಹೊಸದುರ್ಗದ ಕಡೆಯವರು, ಹಣೆ ತುಂಬ ವಿಭೂತಿ.

"ಹೆಣ್ಮಕ್ಕಳಿಗೆ ಒಳ್ಳೇ ಪಿಜಿ ಎಲ್ಲಾದ್ರೂ ಇದೆಯೇನಪ್ಪ?" ಎಂದು ಅವರು ಕೇಳಿದರು.

ವಿಠ್ಠಲ ಗದಗದ ಹುಡುಗ. ಎಂ.ಕಾಂ ಎರಡನೇ ವರ್ಷ, ಚಂದ್ರಾ ಲೇಔಟಿನಲ್ಲಿ ರೂಮು. ಕ್ಲಾಸಿಗೆ ಹೊರಟಿದ್ದವನು ಸೂಟ್‌ಕೇಸು ಎತ್ತಿಕೊಂಡ.

ಮೊದಲ ಪಿಜಿಯಲ್ಲಿ ಮೇಲಿನ ಮಹಡಿ ಹುಡುಗರದು, ಕೆಳಗಿನದು ಹುಡುಗಿಯರದು, ಮೆಟ್ಟಿಲು ಒಂದೇ. ರೇವಣಸಿದ್ದಯ್ಯ ಆ ಮೆಟ್ಟಿಲು ನೋಡಿಯೇ ಹಿಂದಿರುಗಿದರು. ಎರಡನೆಯದರಲ್ಲಿ ಒಂದು ಕೋಣೆಗೆ ನಾಲ್ಕು ಮಂಚ.

"ಇಲ್ಲಿ ನಾನು ಮಲಗಿದ್ರೆ ಸೂಟ್‌ಕೇಸು ನಿಂತೇ ಇರ್ಬೇಕು," ಎಂದಳು ಹುಡುಗಿ. ವಿಠ್ಠಲನಿಗೆ ನಗು ಬಂತು. ಅವಳು ಓರೆಗಣ್ಣಿನಲ್ಲಿ ನೋಡಿದಳು.

"ನೀವು ಬ್ರೋಕರ್ರಾ?"

"ಅಲ್ರೀ. ಸ್ಟೂಡೆಂಟು."

"ಮತ್ತೆ ಕ್ಲಾಸು?"

"ಇವತ್ತ ಇಲ್ರೀ."

ಅವಳ ಹುಬ್ಬು 'ಸುಳ್ಳು' ಎಂದಿತು. ಅವಳ ಹೆಸರು ಶಿವರಂಜನಿ ಎಂದು ಅವನಿಗೆ ತಿಳಿದದ್ದು ಮೂರನೆಯ ಕಡೆ, ಅನ್ನಪೂರ್ಣೇಶ್ವರಿ ನಗರದ ಒಂದು ಟ್ರಸ್ಟಿನ ಹಾಸ್ಟೆಲಿನಲ್ಲಿ, ಅರ್ಜಿ ತುಂಬುವಾಗ.

ಆ ಹಾಸ್ಟೆಲು ತಂದೆಗೆ ಹಿಡಿಸಿತು. ಎತ್ತರದ ಕಾಂಪೌಂಡು, ಬೆಳಿಗ್ಗೆ ಪ್ರಾರ್ಥನೆ. ಆದರೆ ಬೆಂಗಳೂರಿನಲ್ಲಿ ಒಬ್ಬ ಲೋಕಲ್ ಗಾರ್ಡಿಯನ್ ಬೇಕು. ಭಾನುವಾರ ಬಂದು ನೋಡಲು ಅಪ್ಪ ಅಮ್ಮನನ್ನು ಬಿಟ್ಟರೆ ಅವರಿಗಷ್ಟೇ ಅಪ್ಪಣೆ. ರಾಜರಾಜೇಶ್ವರಿನಗರದ ನೆಂಟರಿಗೆ ರೇವಣಸಿದ್ದಯ್ಯ ಫೋನು ಮಾಡಿದರು. ಈ ಕಾಲದಲ್ಲಿ ಹೆಣ್ಣುಮಕ್ಕಳ ಜವಾಬ್ದಾರಿ ಬೇಡ ಎಂದರು ನೆಂಟರು.

"ನಡಿಯಮ್ಮ, ಊರಿಗೆ ಹೋಗಣ," ಎಂದು ಅವರು ಚೀಲ ಎತ್ತಿಕೊಂಡರು. ಊರಿಗೆ ಹೋದರೆ ಓದು ಅಲ್ಲಿಗೆ ಮುಗಿದಂತೆ. ಗಂಡಿನ ಕಡೆಯವರು ಆಗಲೇ ಒಮ್ಮೆ ಬಂದು ಹೋಗಿದ್ದರು. ಹುಡುಗಿ ಅಳಲಿಲ್ಲ. ವಿಠ್ಠಲನ ಮುಖ ನೋಡಿದಳು, ಅಷ್ಟೆ.

"ನಾನು ಇದೀನ್ರೀ ಮೇಡಂ," ಎಂದುಬಿಟ್ಟ.

ವಾರ್ಡನ್ ಅನಂತಲಕ್ಷ್ಮಿ ಕನ್ನಡಕ ಇಳಿಸಿ ನೋಡಿದರು. "ನೀವೇನಾಗ್ಬೇಕು? ಅತ್ತೆ ಮಗ, ಮಾವನ ಮಗ ಅಂದ್ರೆ ನಾನು ಒಪ್ಪಲ್ಲ. ಅಂಥೋರನ್ನ ಬೇಕಾದಷ್ಟು ನೋಡಿದೀನಿ. ಅಣ್ಣ-ತಮ್ಮನ ವರಸೆ ಆಗ್ಬೇಕು."

"ದೊಡ್ಡಮ್ಮನ ಮಗ ರೀ. ನಮ್ಮವ್ವನ್ನ ಗದಗಕ್ಕ ಕೊಟ್ಟಾರ."

ದೊಡ್ಡಮ್ಮನ ಮಗನೆಂದರೆ ಒಡಹುಟ್ಟಿದ ಹಾಗೆ. ಹೆಣ್ಣು ಕೊಟ್ಟು ತರುವ ಮಾತು ಅಲ್ಲಿ ಬರುವುದಿಲ್ಲ. ರೇವಣಸಿದ್ದಯ್ಯ ಸುಳ್ಳಿಗೆ ಹೆದರುವ ಮನುಷ್ಯ. ಆದರೂ ತಲೆ ತಗ್ಗಿಸಿ ಸಹಿ ಮಾಡಿದರು. ಹೊರಗೆ ಬಂದು ಹುಡುಗನ ಎರಡೂ ಕೈ ಹಿಡಿದುಕೊಂಡರು.

ಭಾನುವಾರ ನಾಲ್ಕರಿಂದ ಐದೂವರೆ. ಹಾಲ್‌ನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ವಿಠ್ಠಲ ಉಪ್ಪು ಖಾರ ಹಚ್ಚಿದ ಸೀಬೆಹಣ್ಣು ತರುತ್ತಿದ್ದ. ಅವಳು ವಾರದ ಸುದ್ದಿ ಹೇಳುತ್ತಿದ್ದಳು: ಕೆಮಿಸ್ಟ್ರಿ ಮೇಡಂ ಇಂಗ್ಲಿಷು ಅರ್ಥವಾಗುವುದಿಲ್ಲ, ಮೆಸ್ಸಿನ ಸಾರು ನೀರು, ರೂಮ್‌ಮೇಟ್ ಇಂಚರಾ ನಿದ್ದೆಯಲ್ಲಿ ಹಾಡುತ್ತಾಳೆ.

ಇಂಚರಾ ಬೆಂಗಳೂರಿನ ಮಾತಿನ ಹುಡುಗಿ. ಒಂದು ದಿನ ಕಿಟಕಿಯಿಂದ ಇಣುಕಿ, "ಲೇ, ನಿಮ್ಮಣ್ಣ ಸಕತ್ತಾಗಿದಾನೆ ಕಣೇ. ಗರ್ಲ್‌ಫ್ರೆಂಡ್ ಇದಾಳಾ ಕೇಳೇ," ಎಂದಳು.

"ನೀನೇ ಕೇಳು," ಎಂದಳು ಶಿವರಂಜನಿ. ಕೆನ್ನೆ ಕೆಂಪಾಗಿತ್ತು. ಇಂಚರಾ ಅದನ್ನು ನಾಚಿಕೆ ಎಂದುಕೊಂಡಳು.

ಫ್ರೆಶರ್ಸ್ ಡೇಯ ಹಿಂದಿನ ದಿನ, ಅಮ್ಮನ ಹಸಿರು ಸೀರೆ ಉಟ್ಟು ಹಾಲ್‌ಗೆ ಬಂದಳು. ನೆರಿಗೆ ಇನ್ನೂ ಕೈಯಲ್ಲೇ ಇತ್ತು.

"ಹೇಗಿದೆ?"

"ಸೀರಿ ಚಲೋ ಐತ್ರೀ."

"ಸೀರೆ ಮಾತ್ರನಾ?"

ವಿಠ್ಠಲ ಫ್ಯಾನು ನೋಡಿದ. ಫ್ಯಾನು ನಿಂತಿತ್ತು, ಆದರೂ ಬಹಳ ಹೊತ್ತು ನೋಡಿದ. ಅವಳು ತುಟಿ ಕಚ್ಚಿ ನಕ್ಕಳು. ಆ ನಗು ಮುಗಿಯುವ ಮೊದಲೇ ಇಬ್ಬರಿಗೂ ಭಯವಾಯಿತು.

"ನಾನು ಇಲ್ಲಿ ಇರಲ್ಲ," ಎಂದಳು ಮೆಲ್ಲಗೆ. "ವಿಜಯನಗರದಲ್ಲಿ ಪಿಜಿ ನೋಡಿ. ಅಲ್ಲಿ ಯಾರೂ ವರಸೆ ಕೇಳಲ್ಲ."

"ಹಾಸ್ಟೆಲ್ ಬಿಟ್ರ ಅಪ್ಪಾರು ಊರಿಗೆ ಕರ್ಕೊಂಡು ಹೋಗ್ತಾರ."

"ಅಪ್ಪಂಗೆ ನಿಜ ಹೇಳಿದ್ರೆ?"

"ಹೇಳ್ರೀ. ಅವತ್ತಿಗೇ ನಿಮ್ಮ ಓದು ಮುಗೀತು."

ಅವಳು ಸೀಬೆಹಣ್ಣಿನ ಬೀಜಗಳನ್ನು ಒಂದೊಂದಾಗಿ ಕಾಗದದ ಅಂಚಿಗೆ ಸರಿಸುತ್ತಾ ಕುಳಿತಳು. ಐದೂವರೆಗೆ ಗಂಟೆ ಹೊಡೆಯಿತು.

ನಾಗರ ಪಂಚಮಿಯ ಬೆಳಿಗ್ಗೆ ರೇವಣಸಿದ್ದಯ್ಯನವರೇ ಫೋನು ಮಾಡಿ ವಿಠ್ಠಲನನ್ನು ಹಾಸ್ಟೆಲಿಗೆ ಕರೆಸಿದರು. ತಂಬಿಟ್ಟಿನ ಡಬ್ಬಿ, ಅರಳು, ಒಂದು ಹಿತ್ತಾಳೆಯ ಬಟ್ಟಲು ತಂದಿದ್ದರು. ಅಂಗಳದಲ್ಲಿ ವಾರ್ಡನ್ನೇ ಮಣೆ ಹಾಕಿದ್ದರು. ಹುಡುಗಿಯರು ಮೆಟ್ಟಿಲ ಮೇಲೆ ಸೇರಿದ್ದರು.

"ಇವಳು ಒಬ್ಬಳೇ ಮಗಳು. ಪ್ರತಿ ಪಂಚಮಿ ಹುತ್ತಕ್ಕೆ ಹಾಲೆರೆದು ಸುಮ್ನೆ ಬರೋಳು," ಎಂದರು ರೇವಣಸಿದ್ದಯ್ಯ. ವಿಠ್ಠಲನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಸುಳ್ಳು ಬರೆಸಿದೆ ಅಂತ ನಂಗೆ ಎರಡು ತಿಂಗಳಿಂದ ನಿದ್ದೆ ಇಲ್ಲಪ್ಪ. ಇವತ್ತು ನಿನ್ನ ಬೆನ್ನಿಗೆ ಹಾಲು ಹಾಕ್ಲಿ. ದೇವರ ಮುಂದೆ ಅದು ನಿಜ ಆಗ್ಲಿ."

ಆ ಕಡೆಯ ಹೆಣ್ಣುಮಕ್ಕಳು ಪಂಚಮಿಯ ದಿನ ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಾಕುತ್ತಾರೆ. ಒಮ್ಮೆ ಹಾಕಿಸಿಕೊಂಡವನು ಸಾಯುವ ತನಕ ಅಣ್ಣ. ಅದನ್ನು ಹಿಂದಕ್ಕೆ ತೆಗೆಯುವ ಶಾಸ್ತ್ರ ಯಾವುದೂ ಇಲ್ಲ.

ಶಿವರಂಜನಿ ಬಟ್ಟಲು ಹಿಡಿದು ನಿಂತಳು. ಕಾಲು ಮುಂದೆ ಬರಲಿಲ್ಲ.

"ಅಪ್ಪ, ಕ್ಲಾಸಿಗೆ ಹೊತ್ತಾಯ್ತು."

"ಎರಡು ನಿಮಿಷದ ಕೆಲಸ ಕಣಮ್ಮ."

"ಅಣ್ಣನ ಬೆನ್ನಿಗೆ ಹಾಲು ಹಾಕೋಕೆ ಇಷ್ಟೊಂದು ಯೋಚನೆನಾ?" ಎಂದರು ಅನಂತಲಕ್ಷ್ಮಿ. ಕನ್ನಡಕ ಮತ್ತೆ ಕೆಳಗಿಳಿದಿತ್ತು.

ವಿಠ್ಠಲ ಆ ನೋಟ ಕಂಡ. ಇನ್ನೊಂದು ಗಳಿಗೆ ಅವಳು ಹಾಗೆಯೇ ನಿಂತರೆ ಸೀಟೂ ಹೋಗುತ್ತದೆ, ಓದೂ ಹೋಗುತ್ತದೆ. ಶರಟಿನ ಎರಡು ಗುಂಡಿ ಬಿಚ್ಚಿ, ಕಾಲರು ಹಿಂದಕ್ಕೆ ಸರಿಸಿ, ಅವಳಿಗೆ ಬೆನ್ನು ಮಾಡಿ ಮಣೆಯ ಮೇಲೆ ಕುಳಿತ.

"ಹಾಕವ್ವಾ," ಎಂದ. ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಹೂವಿನಿಂದ ಅದ್ದಿ ಹಾಕಿದ ಹಾಲು ತಣ್ಣಗೆ ಬಿತ್ತು. ಒಮ್ಮೆ. ಎರಡನೆಯ ಸಲಕ್ಕೆ ಬಹಳ ಹೊತ್ತು ಹಿಡಿಯಿತು. ಮೂರನೆಯದರ ಜೊತೆ ಬಿಸಿಯಾದ ಒಂದು ಹನಿಯೂ ಬಿತ್ತು. ಅವನು ತಿರುಗಲಿಲ್ಲ.

"ಬೆನ್ನು ತಣ್ಣಗಿರಲಿ ಅನ್ನಮ್ಮ," ಎಂದು ತಂದೆ ಹೇಳಿಕೊಟ್ಟರು.

"ಬೆನ್ನು ತಣ್ಣಗಿರಲಿ," ಎಂದಳು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಗಲಾಟೆಯ ನಡುವೆ ತಂಬಿಟ್ಟು ಕೊಡುವ ನೆಪದಲ್ಲಿ ಅವಳು ಹತ್ತಿರ ಬಂದಳು. "ನಿಮಗೆ ಒಂದು ಮಾತು ಹೇಳ್ಬೇಕಿತ್ತು."

"ಗೊತ್ತೈತ್ರೀ."

"ನಿಮಗೂ ಹಾಗೇನಾ?"

"ಬಸ್ ಸ್ಟಾಪಿನಿಂದ."

ಅವಳು ತಲೆಯಾಡಿಸಿದಳು. ಬಟ್ಟಲು ಎದೆಗೊತ್ತಿಕೊಂಡು ಕ್ಲಾಸಿಗೆಂದು ಒಳಗೆ ಹೋದಳು.

ರೇವಣಸಿದ್ದಯ್ಯನವರನ್ನು ಬಸ್ಸು ಹತ್ತಿಸಲು ವಿಠ್ಠಲ ಜೊತೆಗೆ ನಡೆದ. ಹಾಲಿಗೆ ಶರಟು ಬೆನ್ನಿಗಂಟಿತ್ತು. ಮುದುಕರ ಮುಖ ಹಗುರವಾಗಿತ್ತು, ದಾರಿಯುದ್ದಕ್ಕೂ ಮಾತಾಡಿದರು.

"ಡಿಗ್ರಿ ಮುಗೀಲಿ. ಆಮೇಲೆ ಒಳ್ಳೇ ಕಡೆ ನೋಡೋಣ. ನಂಗೆ ಈ ಊರು ತಿಳಿಯಲ್ಲ. ಹುಡುಗ ಎಂಥೋನು, ಮನೆ ಎಂಥದ್ದು, ನೀನೇ ಮುಂದೆ ನಿಂತು ವಿಚಾರಿಸ್ಬೇಕು ಕಣಪ್ಪ."

"ಆಗ್ಲಿ ಅಯ್ಯಾರ."

"ಹುಡುಗ ಹೇಗಿರ್ಬೇಕು ಅಂತ ಅವಳನ್ನೇ ಒಂದ್ಸಲ ಕೇಳಿಡು. ನನ್ಹತ್ರ ಬಾಯಿ ಬಿಡಲ್ಲ ಅವಳು. ನಿನ್ನ ಹತ್ರ ಹೇಳ್ತಾಳೆ."

"ಕೇಳ್ತೀನ್ರೀ," ಎಂದು ವಿಠ್ಠಲ ಬಸ್ಸಿಗೆ ಕೈ ಅಡ್ಡ ಹಿಡಿದ.